ಪರದೆ ಪಕ್ಕದ ಸ್ಟೂಲು

ಫೆಬ್ರವರಿ 6. ಸಂಜೆ.

ಕೊನೆಯ ಬೆಲ್ ಆದಮೇಲೆ ಎಂದಿನಂತೆ ಡ್ರಾಮಾ ಕ್ಲಬ್. ಎಂದಿನಂತೆ ನನ್ನ ಸ್ಟೂಲು, ಪರದೆಯ ಪಕ್ಕದಲ್ಲಿ, ಒಂದು ಕಾಲು ಗಿಡ್ಡ. ಸ್ಕ್ರಿಪ್ಟ್ ತೊಡೆಯ ಮೇಲೆ, ಬೆರಳು ಸಾಲಿನ ಮೇಲೆ. ಯಾರಾದರೂ ಮಾತು ಮರೆತರೆ ಮೊದಲ ಎರಡು ಪದ ಪಿಸುಗುಟ್ಟಬೇಕು. ಸ್ಟೇಜಿನ ಮೇಲಿದ್ದವರಿಗೆ ಕೇಳಬೇಕು, ಮುಂದಿನ ಸಾಲಿನಲ್ಲಿ ಕೂತವರಿಗೆ ಕೇಳಬಾರದು. ಮೂರು ವರ್ಷದಿಂದ ಇದೇ ಕೆಲಸ. ಕ್ಲಬ್ಬಿನಲ್ಲಿ ನನ್ನ ಹೆಸರೇ ಪಿಸುಪಿಸು.

ಈ ಸಲದ ನಾಟಕ ಕೆಮಿಸ್ಟ್ರಿ ಸರ್ ಬರೆದದ್ದು. ಮನೆ ಬಿಟ್ಟುಹೋದ ಮಗಳು ವರ್ಷಗಳ ನಂತರ ವಾಪಸ್ ಬಂದು ಬಾಗಿಲು ತಟ್ಟುತ್ತಾಳೆ. ಅಮ್ಮ ಒಳಗಿನಿಂದ ಹೇಳುತ್ತಾಳೆ: "ಬಾಗಿಲು ತೆಗೆದೇ ಇದೆ. ನೀನು ತಟ್ಟುತ್ತಾ ನಿಂತಿದ್ದೀಯ, ಅಷ್ಟೇ." ಇಡೀ ನಾಟಕ ಈ ಮಾತಿನ ಮೇಲೆ ನಿಂತಿದೆ. ನಮ್ಮ ಬೀಳ್ಕೊಡುಗೆಯ ದಿನ ಆಡುವುದು. ಆಮೇಲೆ ಸರ್ಟಿಫಿಕೇಟು, ಗ್ರೂಪ್ ಫೋಟೋ, ಸ್ಕೂಲು ಮುಗಿಯಿತು. ಈ ಸ್ಟೇಜೂ ನಮ್ಮದಲ್ಲ.

ಅಮ್ಮನ ಪಾತ್ರ ಬಿರುಗಾಳಿಯದು. (ಅವಳು ಕ್ಲಾಸಿಗೆ ಬಂದರೆ ಬೆಂಚು, ಬ್ಯಾಗು, ನಾವು, ಎಲ್ಲ ಚೆಲ್ಲಾಪಿಲ್ಲಿ. ಅದಕ್ಕೇ ಆ ಹೆಸರು.) ಚೆನ್ನಾಗಿ ಮಾಡುತ್ತಾಳೆ, ಸುಳ್ಳು ಹೇಳಬಾರದು. ಆದರೆ ಆ ಸಾಲು ಬಂದಾಗಲೆಲ್ಲ ನನ್ನ ತುಟಿಯೂ ಜೊತೆಗೆ ಆಡುತ್ತದೆ. ನನಗೂ ಹೇಳಬೇಕು. ಜೋರಾಗಿ, ಬೆಳಕಿನಲ್ಲಿ ನಿಂತು. ಒಂದೇ ಸಲ ಸಾಕು.

ಫೆಬ್ರವರಿ 9

ಅಮ್ಮ ಯಾರದೋ ಪ್ಯಾಂಟು ಗಿಡ್ಡ ಮಾಡುತ್ತಾ, ಮೆಷಿನ್ನಿನಿಂದ ತಲೆ ಎತ್ತದೆ ಕೇಳಿದಳು, ಈ ಸಲವಾದರೂ ನನ್ನ ಮುಖ ಕಾಣಿಸುತ್ತದಾ ಎಂದು. ಇಲ್ಲ ಅಂದೆ. ಮತ್ತೆ ಟೈಲರಿಂಗ್ ಅಂಗಡಿ ಮುಚ್ಚಿ ಬಂದು ಏನು ನೋಡಲಿ, ಪರದೆಯನ್ನಾ ಅಂದಳು. ಆ ಪರದೆ ಹೊಲಿದುಕೊಟ್ಟವಳೇ ಅವಳು. ಇಬ್ಬರೂ ನಕ್ಕೆವು. ಹಾಸಿಗೆಗೆ ಬಂದಮೇಲೆ ನಗು ಬರಲಿಲ್ಲ.

ಫೆಬ್ರವರಿ 16

ಬಿರುಗಾಳಿ ನಾಲ್ಕು ದಿನದಿಂದ ಬಂದಿಲ್ಲ. ಪ್ರಿಪರೇಟರಿಯಲ್ಲಿ ಗಣಿತ ಕೈಕೊಟ್ಟಿದೆ. ನಾಟಕ ಗೀಟಕ ಸಾಕು ಅಂದರಂತೆ ಅವರಪ್ಪ. ಬೆಲ್ ಹೊಡೆಯುವ ಮೊದಲೇ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಾರೆ. ಸರ್ ತಲೆಯ ಮೇಲೆ ಕೈ ಹೊತ್ತು ಕೂತರು.

ಮಗಳ ಪಾತ್ರ ಕಡ್ಡಿಯದು. ಊದಿದರೆ ಹಾರಿಹೋಗುತ್ತಾಳೆ, ಬಾಯಿ ಮಾತ್ರ ಊರಗಲ. ನನ್ನ ಕಡೆ ಬೆರಳು ತೋರಿಸಿ, "ಸರ್, ಇವಳಿಗೆ ಎಲ್ಲರ ಮಾತೂ ಬಾಯಿಪಾಠ" ಅಂದಳು.

ಎಲ್ಲರೂ ತಿರುಗಿ ನೋಡಿದರು. ಹಾಗೆ ನೋಡಿದ್ದು ಇದೇ ಮೊದಲಿರಬೇಕು.

ನನಗೆ ಕೊಟ್ಟರು. ನನಗೆ.

ಇನ್ನೊಬ್ಬಳ ಕಷ್ಟಕ್ಕೆ ಇಷ್ಟು ಖುಷಿಪಡಬಾರದು. ಪಡುತ್ತಿದ್ದೇನೆ.

ಫೆಬ್ರವರಿ 17

ಮಾನ ಹೋಯಿತು. ದನಿ ಹೊರಡುವುದೇ ಇಲ್ಲ. ಪಿಸುಗುಟ್ಟಿ ಪಿಸುಗುಟ್ಟಿ ಗಂಟಲಿಗೆ ಅದೇ ರೂಢಿ. ಅದು ಸಾಲದು ಅಂತ, ಕಡ್ಡಿ ಒಂದು ಕ್ಷಣ ತಡೆದರೆ ಸಾಕು, ಅವಳ ಮಾತನ್ನೂ ನಾನೇ ಎತ್ತಿಕೊಡುತ್ತೇನೆ. ಅವಳು ಅಳುವುದಕ್ಕೆಂದು ನಿಲ್ಲಿಸಿದ್ದಳಂತೆ. ಇನ್ನೇನು ಕಣ್ಣೀರು ಬರಬೇಕು, ನಾನು ಬಾಯಿ ಹಾಕಿದೆ.

ಸರ್ ಬೈಯಲಿಲ್ಲ. "ಈಗ ನೀನು ಅಮ್ಮ ಅಷ್ಟೇ ಕಣಮ್ಮ. ಬೇರೆಯೋರ ಮಾತು ಬೇರೆಯೋರು ನೋಡ್ಕೋತಾರೆ" ಅಂದರು. ನಾಳೆಯಿಂದ ಮೈದಾನದ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಕಡ್ಡಿ. ಅವಳಿಗೆ ಕೇಳಿಸುವ ತನಕ ಬಿಡುಗಡೆ ಇಲ್ಲ.

ಫೆಬ್ರವರಿ 22

ಬಾಗಿಲು ತೆಗೆದೇ ಇದೆ, ಬಾಗಿಲು ತೆಗೆದೇ ಇದೆ ಎಂದು ನಾನು ಕಿರುಚುವುದನ್ನು ಕೇಳಿ ವಾಚ್‌ಮನ್ ಎರಡು ಸಲ ಗೇಟು ನೋಡಿಬಂದ.

ಇವತ್ತು ಕಡ್ಡಿ ಆ ತುದಿಯಿಂದ ಕೈ ಎತ್ತಿದಳು. ಕಿರುಚದೆ ಹೇಳಿದ್ದೆ. ಹೊಟ್ಟೆಯಿಂದ ಬಂತು. ನನ್ನ ದನಿ ಹೀಗಿದೆ ಅಂತ ನನಗೇ ಗೊತ್ತಿರಲಿಲ್ಲ...

ಅಮ್ಮನಿಗೆ ಹೇಳಿದೆ. ಈ ಸಲ ಮುಖ ಕಾಣಿಸುತ್ತದೆ ಅಂತ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ, ಬೀಳ್ಕೊಡುಗೆಯ ದಿನ ಮಧ್ಯಾಹ್ನದಿಂದ ರಜೆ ಎಂದು ಬರೆದು ಅಂಗಡಿ ಬಾಗಿಲಿಗೆ ಅಂಟಿಸಿದ್ದಳು.

ಮಾರ್ಚ್ 4

ಬಿರುಗಾಳಿ ವಾಪಸ್. ಪಾತ್ರ ನನಗೆ ಕೊಡುವ ಮೊದಲೇ ಸರ್ ಅವಳ ಮನೆಗೆ ಹೋಗಿ ಅವಳಪ್ಪನನ್ನು ಕೇಳಿಕೊಂಡಿದ್ದರಂತೆ. ಆಗ ಆಗುವುದಿಲ್ಲ ಅಂದವರು ಈಗ ಒಪ್ಪಿದ್ದಾರೆ. ಪಾತ್ರ ಮೊದಲಿಂದ ಅವಳದು, ನ್ಯಾಯವೂ ಅವಳ ಕಡೆಗೇ. ಸರ್ ನನ್ನ ಮುಖ ನೋಡಲಾರದೆ ಕನ್ನಡಕ ಒರೆಸುತ್ತಾ ನಿಂತರು. ಪರವಾಗಿಲ್ಲ ಸರ್ ಅಂದೆ. ಎಷ್ಟು ಸಲೀಸಾಗಿ ಅಂದೆ.

ಬಿರುಗಾಳಿ ಬಂದು ತಬ್ಬಿಕೊಂಡಳು. ಕೆಟ್ಟವಳಾಗಿದ್ದರೆ ಚೆನ್ನಾಗಿತ್ತು, ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ — ನನಗೆ ಬಾಯಿಗೂ ಬಂದಿತ್ತು.

ರಜೆಯ ಚೀಟಿ ಕಿತ್ತುಹಾಕು ಅಂತ ಅಮ್ಮನಿಗೆ ಹೇಳಿದೆ. ಕೀಳಲಿಲ್ಲ. "ಪರದೆನೇ ನೋಡ್ತೀನಿ ಬಿಡು" ಅಂದಳು.

ಮಾರ್ಚ್ 12. ಸಂಜೆ ಏಳು.

ಮುಗಿಯಿತು. ಇವತ್ತು ಅಕ್ಷರವೆಲ್ಲ ಕೋಳಿ ಕಾಲು.

ಹಾಲ್ ಕಿಕ್ಕಿರಿದಿತ್ತು. ಕೊನೆಯ ದೃಶ್ಯ. ಕಡ್ಡಿ ಬಾಗಿಲು ತಟ್ಟಿದಳು. ಬಿರುಗಾಳಿ ಬಾಯಿ ತೆರೆದಳು. ಮಾತು ಬರಲಿಲ್ಲ. ನಟನೆಯ ಮೌನ ಯಾವುದು, ಮರೆವಿನ ಮೌನ ಯಾವುದು, ಇಷ್ಟು ವರ್ಷಕ್ಕೆ ಅಷ್ಟಾದರೂ ಗೊತ್ತಾಗುತ್ತದೆ. ಅವಳ ಕತ್ತಿನ ನರ ಬಿಗಿದಿತ್ತು. ಕಣ್ಣು ನನ್ನ ಕಡೆ ಹೊರಳಿತು.

ಎರಡು ಪದ ಪಿಸುಗುಟ್ಟಿದ್ದರೆ ಸಾಕಿತ್ತು.

ನಾನು ಹೇಳಿಬಿಟ್ಟೆ. ಪೂರ್ತಿ ಸಾಲು. ಮೈದಾನದ ದನಿಯಲ್ಲಿ. ಸ್ಟೂಲಿನಿಂದ ಯಾವಾಗ ಎದ್ದಿದ್ದೆನೋ.

ಹಾಲ್ ಗಪ್‌ಚುಪ್. ಎಲ್ಲೋ ಒಬ್ಬರು ಕಿಸಕ್ಕೆಂದರು. ಬಿರುಗಾಳಿಯ ಮುಖದ ರಕ್ತ ಇಳಿದುಹೋಯಿತು. ಅವಳ ಮಾತು ಆಗಿಹೋಗಿತ್ತು, ಮತ್ತೆ ಹೇಳುವ ಹಾಗಿರಲಿಲ್ಲ. ಕಡ್ಡಿಗೆ ಮಾತ್ರ ನಿಜವಾಗಿ ಅಳು ಬಂತು. ನಾಟಕ ಹೇಗೋ ದಡ ಸೇರಿತು, ಚಪ್ಪಾಳೆಯೂ ಬಿತ್ತು. ನಾನು ಪರದೆಯ ಹಗ್ಗ ಹಿಡಿದು ನಿಂತೇ ಇದ್ದೆ.

ಸರ್ಟಿಫಿಕೇಟಿಗೆ ಹೆಸರು ಕರೆದಾಗ ಸ್ಟೇಜಿನ ನಡುವಿಗೆ ಬಂದೆ. ಲೈಟು ಕಣ್ಣಿಗೆ ಹೊಡೆಯಿತು. ಇಲ್ಲಿ ನಿಲ್ಲಬೇಕು ಅಂತಲೇ ಇಷ್ಟು ದಿನ ಆಸೆಪಟ್ಟದ್ದು. ಈಗ ಹೇಳುವುದಕ್ಕೆ ಏನೂ ಉಳಿದಿಲ್ಲ. ಪ್ರಿನ್ಸಿಪಾಲರಿಗೆ ಥ್ಯಾಂಕ್ಯೂ ಅಂದೆ. ಅದೂ ಪಿಸುಗುಟ್ಟಿ.

ಮಾರ್ಚ್ 13

ಕ್ಲಬ್ ರೂಮು ಖಾಲಿ ಮಾಡಲು ಹೋಗಿದ್ದೆ. ಬಿರುಗಾಳಿ ಒಬ್ಬಳೇ ಅಮ್ಮನ ಪಾತ್ರದ ಶಾಲು ಮಡಿಸುತ್ತಿದ್ದಳು. ಇಬ್ಬರೂ ಸಾಮಾನು ತುಂಬಿದೆವು. ಆಮೇಲೆ ಕೇಳಿದಳು.

"ಬೇಕಂತ ಮಾಡಿದ್ಯಾ?"

"ಇಲ್ಲ ಕಣೆ. ಅಭ್ಯಾಸ ಆಗಿಹೋಗಿತ್ತು, ಬಾಯಿ ತಪ್ಪಿ ಬಂತು."

ಶಾಲನ್ನು ಪೆಟ್ಟಿಗೆಗೆ ಹಾಕಿದಳು. "ಅಪ್ಪ ಬಂದಿದ್ರು. ಆ ಒಂದು ಮಾತು ಕೇಳ್ಲಿ ಅಂತಾನೇ ಕಾಡಿ ಬೇಡಿ ಕರ್ಕೊಂಡು ಬಂದಿದ್ದೆ" ಅಂದಳು. ಜಗಳವಾಡಲಿಲ್ಲ. ಆಡಿದ್ದರೆ ತಡೆದುಕೊಳ್ಳುತ್ತಿದ್ದೆ.

ಮನೆಗೆ ಬಂದಾಗಿನಿಂದ ಬಿರುಗಾಳಿಯ ಮುಖವೇ ಕಣ್ಣ ಮುಂದೆ. ನಾಚಿಕೆಯಾಗುತ್ತಿದೆ. ನಾಳೆ ಅವರ ಮನೆಗೆ ಹೋಗಬೇಕು, ಅವರಪ್ಪನ ಎದುರಿಗೇ ತಪ್ಪಾಯಿತು ಅನ್ನಬೇಕು. ಅನ್ನುತ್ತೇನೆ.

ಅಮ್ಮ ಊಟಕ್ಕೆ ಕೂತಾಗ ಹೇಳಿದಳು. ಅವಳಿಗೆ ಕೂರಲು ಸಿಕ್ಕಿದ್ದು ಕೊನೆಯ ಸಾಲಿನ ಕುರ್ಚಿಯಂತೆ. ದನಿ ಕೇಳಿದ ಕೂಡಲೇ ಪಕ್ಕದವರ ಕೈ ಹಿಡಿದು, ಅದು ನಮ್ಮ ಹುಡುಗಿ ಅಂದಳಂತೆ. ಯಾವ ಹುಡುಗಿ, ಯಾರೂ ಕಾಣುತ್ತಿಲ್ಲವಲ್ಲ ಅಂದರಂತೆ ಅವರು. ಹೇಳುತ್ತಾ ಹೇಳುತ್ತಾ ಅಮ್ಮ ಊಟ ಮಾಡುವುದನ್ನೇ ಮರೆತಿದ್ದಳು.

ಬಾಯಿ ತಪ್ಪಿ ಬಂತು ಅಂತಲೇ ನಾಳೆಯೂ ಹೇಳುವುದು. ಪೂರ್ತಿ ಸುಳ್ಳೂ ಅಲ್ಲ. ಆದರೆ ಈ ಡೈರಿ ಯಾರು ಓದುತ್ತಾರೆ? ಅದೇ ಹಾಲ್, ಅದೇ ಮೌನ ಮತ್ತೊಂದು ಸಲ ಸಿಕ್ಕಿ, ಅವಳು ಅದೇ ಥರ ನನ್ನ ಕಡೆ ತಿರುಗಿ ನೋಡಿದರೆ, ನಾನು ಮತ್ತೆ—