ತಟ್ಟಿ ನೋಡುವ ಕಿವಿ

ಶೆಡ್ಡಿನ ಮೇಲಿನ ಕೋಣೆ,
ಭಾನುವಾರ, ಮಾರ್ಚ್ ೯, ಮಧ್ಯಾಹ್ನ

ನನ್ನ ಮೊಂಡು ಮಗಳೇ,

ಹೇಗಿದ್ದೀಯ? ಮಣಿಕಟ್ಟಿನ ನೋವು ಇಳಿಯಿತೇ? ಸುತ್ತಿಗೆ ಹಿಡಿದ ಕೈಗಿಂತ, ತಗಡಿನ ಹಿಂದೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿದ ಕೈಗೇ ನೋವು ಹೆಚ್ಚು ಎಂದು ಅಪ್ಪ ಹೇಳುತ್ತಿದ್ದರು. ಮಲಗುವ ಮುಂಚೆ ಬಿಸಿನೀರಿನ ಶಾಖ ಕೊಡು. ವೆಲ್ಡಿಂಗ್ ಮಾಡುವಾಗ ಮುಖಕ್ಕೆ ಕವಚ ಹಾಕಿಕೊಳ್ಳುತ್ತೀಯ ತಾನೆ? "ಒಂದೇ ಚುಕ್ಕಿ ಅಮ್ಮಾ, ಕಣ್ಣು ಮುಚ್ಕೊಂಡು ಇಟ್ಬಿಡ್ತೀನಿ" ಎಂಬ ನಿನ್ನ ಮಾತು ನನಗೆ ಗೊತ್ತಿಲ್ಲದ್ದಲ್ಲ. ಅಲ್ಲಿ ಹೊತ್ತು ಹೊತ್ತಿಗೆ ಉಣ್ಣುತ್ತೀಯೋ, ಟೀ ಕುಡಿದೇ ದಿನ ತಳ್ಳುತ್ತೀಯೋ ದೇವರಿಗೇ ಗೊತ್ತು. ಇದನ್ನೆಲ್ಲ ಫೋನಿನಲ್ಲಿ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ", "ಆಯ್ತು", "ಮತ್ತೆ?", "ಮತ್ತೇನಿಲ್ಲ" ಎಂಬಲ್ಲಿಗೆ ಮುಗಿಸುತ್ತೇವೆ, ಅದೂ ಅಪ್ಪ ಪಕ್ಕದಲ್ಲೇ ಪೇಪರು ಹಿಡಿದು, ಪುಟ ಮಗುಚದೆ ಕೂತಿರುವಾಗ. ಬಿಡಿಭಾಗ ತಂದುಕೊಡುವ ವ್ಯಾನಿನವನು ನಾಳೆ ಬೆಳಿಗ್ಗೆ ಇಲ್ಲಿ ಸಾಮಾನು ಇಳಿಸಿ, ಇಲ್ಲಿಂದ ನಿಮ್ಮ ವರ್ಕ್‌ಶಾಪಿಗೇ ಬರುತ್ತಾನಂತೆ. ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ.

ಬೆಳಗಿನಿಂದ ಬರೆಯಲು ಕೂತು ಎಷ್ಟು ಸಲ ಎದ್ದೆನೋ. ಕೆಳಗಿನಿಂದ ಸದ್ದಿಲ್ಲ. ಭಾನುವಾರ ಅಲ್ಲವೇ ಎನ್ನಬೇಡ. ನಿನ್ನೆ ಶನಿವಾರ, ಕೆಲಸದ ದಿನ, ಮಧ್ಯಾಹ್ನಕ್ಕೇ ಎಲ್ಲ ನಿಂತುಹೋಯಿತು. ಮದುವೆಯಾಗಿ ಬಂದ ಹೊಸದರಲ್ಲಿ ಈ ಬಡಿತಕ್ಕೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. "ಪದ್ಯ ಓದೋ ಹುಡುಗಿಗೆ ಗ್ಯಾರೇಜಿನ ಮೇಲೆ ಸಂಸಾರವೇ" ಎಂದು ನಿನ್ನ ದೊಡ್ಡಮ್ಮ ಮೂಗು ಮುರಿದಿದ್ದಳು. ಆಮೇಲೆ ನಾನು ಅದೇ ಬಡಿತದ ಲಯಕ್ಕೆ ಕರಡು ತಿದ್ದುವುದನ್ನು ಕಲಿತೆ. ಅದು ನಿಂತರೆ ನನ್ನ ಪೆನ್ನೂ ನಿಲ್ಲುತ್ತದೆ. ಅಚ್ಚಿನ ಮನೆಯವರು ಕಳಿಸಿದ ಕವನ ಸಂಕಲನ ಮೇಜಿನ ಮೇಲೆ ಹಾಗೇ ಬಿದ್ದಿದೆ. ಒಂದು ಸಾಲು ಓದುತ್ತೇನೆ, ಕಿಟಕಿಗೆ ಹೋಗುತ್ತೇನೆ, ಕೆಳಗೆ ಇಣುಕುತ್ತೇನೆ, ಬಂದು ಮತ್ತೆ ಅದೇ ಸಾಲು. ಈಗಲೂ ಒಮ್ಮೆ ಹೋಗಿ ಬಂದೆ. ಅಪ್ಪ ಶೆಡ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಬೀದಿ ನೋಡುತ್ತ ಕೂತಿದ್ದಾರೆ. ಅವರು ಬೀದಿ ನೋಡಿದ್ದನ್ನು ನಾನು ನೋಡಿದ್ದೇ ಇಲ್ಲ.

ಮೊದಲಿನಿಂದಲೇ ಹೇಳಬೇಕು. ನೀನು ಬಿಟ್ಟುಹೋದದ್ದು ನರ್ಸಮ್ಮನ ಹಸಿರು ಕಾರಿನ ಜಗಳದಲ್ಲಿ. ಅದು ನಿನಗೆ ಗೊತ್ತಿರುವುದೇ, ಆದರೆ ನೀನು ಅದನ್ನು ಕಾರಿನ ಪಕ್ಕದಿಂದ ನೋಡಿದೆ, ನಾನು ಮೆಟ್ಟಿಲ ಮೇಲಿಂದ ನೋಡಿದೆ. ಮನೆಮನೆಗೆ ಹೋಗಿ, ಹಾಸಿಗೆ ಹಿಡಿದವರ ಗಾಯ ತೊಳೆದು ಕಟ್ಟುವ ಹೆಂಗಸು ಆಕೆ. ಹಾಲಿನ ವ್ಯಾನು ಪಕ್ಕಕ್ಕೆ ಗುದ್ದಿ ಬಾಗಿಲು ಒಳಕ್ಕೆ ಹೋಗಿತ್ತು; ಬಾಗಿಲಿನ ಕೆಳಗೆ ಉದ್ದಕ್ಕೆ ಓಡುವ ಟೊಳ್ಳು ಪೆಟ್ಟಿಗೆಯಂಥ ಭಾಗವೂ, ನೀವೆಲ್ಲ ರನ್ನಿಂಗ್ ಬೋರ್ಡ್ ಎನ್ನುತ್ತೀರಲ್ಲ ಅದು, ಸೀಳಿತ್ತು. ಹೊರತಗಡನ್ನು ಎಳೆದು ನೇರ ಮಾಡಿ, ಸೀಳಿದ ಕಡೆ ವೆಲ್ಡಿಂಗ್ ಕೊಟ್ಟರೆ ಸಾಕು ಎಂದು ಅಪ್ಪ. ಒಳತಗಡನ್ನು ತುಕ್ಕು ತಿಂದಿದೆ, ಕತ್ತರಿಸಿ ಹೊಸದು ಕೂಡಿಸಬೇಕು ಎಂದು ನೀನು. ಅಪ್ಪ ಸಣ್ಣ ಸುತ್ತಿಗೆಯಿಂದ ತಟ್ಟಿ, "ಕೇಳು, ಗಂಟೆ ಇದ್ದ ಹಾಗಿದೆ" ಅಂದರು. ನೀನು ಅಲ್ಲೇ ತಟ್ಟಿ, "ಒಡೆದ ಮಡಕೆ ಇದ್ದ ಹಾಗಿದೆ ಅಪ್ಪಾ" ಅಂದೆ. "ನಿನ್ ಕಿವಿ ಇನ್ನೂ ಬಲಿತಿಲ್ಲ." "ನಿಮ್ ಕಿವಿ ಬಲಿತು ಬಲಿತು ತುಕ್ಕು ಹಿಡಿದಿದೆ." ಬಣ್ಣ ಹೊಡೆಯುವ ಮಾವ ಕಿಸಕ್ಕನೆ ನಕ್ಕುಬಿಟ್ಟ. ಆ ನಗುವೇ ಎಲ್ಲ ಕೆಡಿಸಿದ್ದು. ಬರೀ ನೀವಿಬ್ಬರೇ ಇದ್ದಿದ್ದರೆ ಸಂಜೆಯ ಟೀ ಹೊತ್ತಿಗೆ ಮುಗಿಯುವ ಜಗಳ ಅದು. "ಇದು ನನ್ ಶೆಡ್ಡು, ಇಲ್ಲಿ ನನ್ ಕಿವಿ ನಡಿಯುತ್ತೆ" ಅಂದರು. "ಹಾಗಾದ್ರೆ ನನ್ ಕಿವಿ ನಾನ್ ತಗೊಂಡ್ ಹೋಗ್ತೀನಿ" ಅಂದೆ ನೀನು. ಹೋಗಿಯೇಬಿಟ್ಟೆ.

ಆ ಕಿವಿಯನ್ನು ನಿನಗೆ ಕೊಟ್ಟವರೇ ಅವರು. ಚಿಕ್ಕವಳಿದ್ದಾಗ ನಿನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹಿಂದೆ ಒಂದೊಂದೇ ಕಡೆ ತಟ್ಟಿ, ಯಾವುದು ಹೇಳು ಎನ್ನುತ್ತಿದ್ದರಲ್ಲ. "ಬಾನೆಟ್ಟು." "ಬಾಗಿಲು." "ಪುಟ್ಟಿ ಮೆತ್ತಿದ್ದು, ಥೂ!" ಆ ಥೂ ಕೂಡ ಅವರದೇ. (ನಿನ್ನನ್ನು ಪುಟ್ಟಿ ಎಂದು ಕರೆಯಕೂಡದು ಎಂದು ನೀನು ಆಗಲೇ ತಾಕೀತು ಮಾಡಿದ್ದೆ, ತಗಡಿನ ತಗ್ಗು ಮುಚ್ಚಲು ಅಪ್ಪ ಬೈದುಕೊಂಡು ಬಳಿಯುವ ವಸ್ತುವಿನ ಹೆಸರು ನನಗೆ ಬೇಡ ಎಂದು.)

ನೀನು ಹೋದ ಮೇಲೆ ಆ ಕಾರನ್ನು ಒಬ್ಬರೇ ಮುಗಿಸಿದರು. ಆ ಬಾಗಿಲನ್ನು ನೀನು ನೋಡಿದ್ದರೆ ಜಗಳ ಮರೆಯುತ್ತಿದ್ದೆ. ಉಬ್ಬು ತಗ್ಗುಗಳನ್ನೆಲ್ಲ ಸಣ್ಣ ಸಣ್ಣ ಪೆಟ್ಟಿನಲ್ಲಿ ಸಮ ಮಾಡಿ, ಅರ ಹಾಕಿ, ತೆಳು ಬಟ್ಟೆಯ ಮೇಲಿಂದ ಅಂಗೈ ಆಡಿಸಿ, ಎಲ್ಲೋ ಕೂದಲೆಳೆಯಷ್ಟು ಏರಿದೆ ಎಂದು ಮತ್ತೆ ಬಡಿದು, ಮತ್ತೆ ಸವರಿ. ಪುಟ್ಟಿ ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ. ಮಾವ ಬಣ್ಣ ಹೊಡೆದು ಒಣಗಿಸಿದ ಮೇಲೆ ಆ ಹಸಿರಿನಲ್ಲಿ ಎದುರಿನ ದೀಪದ ಕಂಬ ಒಂದಿಷ್ಟೂ ಬಳುಕದೆ ನೆಟ್ಟಗೆ ಕಾಣಿಸಿತು. ಕೊನೆಗೆ ಬಗ್ಗಿ, ಬಾಗಿಲ ಕೆಳಗೆ ತಟ್ಟಿ, ತಲೆಯಾಡಿಸಿ, ನರ್ಸಮ್ಮನಿಗೆ ಕೀ ಕೊಟ್ಟರು.

ಆ ತಟ್ಟಿ ನೋಡಿದ್ದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಯಾಕೆಂದರೆ ಮನೆಯಲ್ಲಿ ಬೇರೆ ಏನೋ ನಡೆಯುತ್ತಿತ್ತು. ನಾನು ಮೆಲ್ಲಗೆ "ಟೀ ತಣ್ಣಗಾಗ್ತಿದೆ" ಎಂದರೆ ಪಕ್ಕದ ಕೋಣೆಯಿಂದ "ಬಂದೆ" ಎನ್ನುವವರು, ಮೊಣಕೈ ಹತ್ತಿರವೇ ನನ್ನ ಫೋನು ಕಿಣಿಕಿಣಿ ಎಂದರೆ ತಲೆ ಎತ್ತುತ್ತಿರಲಿಲ್ಲ. ಒಂದು ದಿನ ಅವರ ಬೆನ್ನ ಹಿಂದೆ ನಿಂತು ಸ್ಟೀಲಿನ ಲೋಟಕ್ಕೆ ಚಮಚದಿಂದ ಹೊಡೆದೆ. ಊಹೂಂ. ಇನ್ನೊಮ್ಮೆ ಹೊಡೆದೆ. "ಏನ್ ಹುಡುಕ್ತಿದ್ದೀಯ?" ಎಂದು ತಿರುಗಿದರು, ಅದೂ ಗೋಡೆಯ ಮೇಲೆ ನನ್ನ ನೆರಳು ಆಡಿದ್ದನ್ನು ನೋಡಿ. ಮಾತು ಕೇಳಿಸುತ್ತದೆ, ಸುತ್ತಿಗೆಯ ಪೆಟ್ಟು ಕೇಳಿಸುತ್ತದೆ. ಪೆಟ್ಟಿನ ಬೆನ್ನಿಗೆ ಬಾಲದ ಹಾಗೆ ಬರುವ ಸಣ್ಣ ನಾದವಿದೆಯಲ್ಲ, ಅದು ಅವರ ಪಾಲಿಗೆ ಹೋಗಿಬಿಟ್ಟಿದೆ. ಇಷ್ಟು ವರ್ಷ ಬಡಿದ ತಗಡೇ ಅದನ್ನು ತಿಂದುಹಾಕಿದೆ.

ಹಾಗಾದರೆ ಅವತ್ತು ಅವರಿಗೆ ಕೇಳಿಸಿದ ಗಂಟೆ ಯಾವುದು? ನನಗೆ ಅದು ಅರ್ಥವಾದದ್ದು ನನ್ನ ಕೆಲಸದಿಂದ. ಬಾಯಿಗೆ ಬರುವ ಪದ್ಯದ ಕರಡಿನಲ್ಲಿ ನಾನು ತಪ್ಪು ಹಿಡಿಯಲಾರೆ. ಒಂದು ಅಕ್ಷರ ಬಿದ್ದುಹೋಗಿದ್ದರೂ ಕಣ್ಣು ಅದನ್ನು ನೆನಪಿನಿಂದ ತುಂಬಿಕೊಂಡು, ಏನೂ ಆಗದ ಹಾಗೆ ಮುಂದೆ ಹೋಗುತ್ತದೆ. ಅದಕ್ಕೇ ನನಗೆ ಬಹಳ ಇಷ್ಟದ ಪುಸ್ತಕಗಳನ್ನು ಬೇರೆಯವರ ಕೈಯಲ್ಲಿ ಓದಿಸುತ್ತೇನೆ. ಅಪ್ಪನೂ ಹಾಗೆಯೇ ತಟ್ಟುತ್ತಿದ್ದರು. ಅವರು ನಿನ್ನೆದುರು ಹಟಕ್ಕೆ ಹೇಳಿದ್ದಲ್ಲ ಮಗಳೇ. ಅವರಿಗೆ ನಿಜವಾಗಿಯೂ ಗಂಟೆ ಕೇಳಿಸಿತ್ತು.

ಅಂದಿನಿಂದ ನನಗೆ ಕಾದ ನೆಲದ ಮೇಲೆ ನಿಂತ ಹಾಗಾಯಿತು. ಬೀದಿಯಲ್ಲಿ ಹಸಿರು ಕಾರು ಕಂಡರೆ ಸಾಕು, ಬಾಗಿಲ ಕೆಳಗೇ ಕಣ್ಣು ಹೋಗುವುದು. ಹೇಳಿದರೆ ಇವರು ಕುಸಿಯುತ್ತಾರೆ. ಹೇಳದಿದ್ದರೆ ಯಾವುದೋ ತಿರುವಿನಲ್ಲಿ, ಯಾರದೋ ಗಾಯ ಕಟ್ಟಲು ಹೊರಟ ಆಕೆಯ ಗತಿ? ಹೊರಗೆ ಹೋಗಿ ಬರುವೆನೆಂದು ಚಪ್ಪಲಿ ಮೆಟ್ಟಿ, ಬಾಗಿಲಲ್ಲೇ ಬಿಟ್ಟು ಒಳಗೆ ಬಂದದ್ದುಂಟು. ಮಾವನನ್ನು ಕೇಳಿದೆ. "ನಾನ್ ಬಣ್ಣದೋನು ಅಕ್ಕಾ, ಕಣ್ಣಿಗೆ ಕಾಣೋದಕ್ಕಷ್ಟೇ ನನ್ ಜವಾಬ್ದಾರಿ" ಎಂದು ಜಾರಿಕೊಂಡ. ಆಮೇಲೆ ಚಿಂದಿ ಬಟ್ಟೆಯಲ್ಲಿ ಬೆರಳು ಒರೆಸಿಕೊಳ್ಳುತ್ತ, ಒರೆಸಿದ್ದನ್ನೇ ಒರೆಸುತ್ತ, "ಮೇಸ್ತ್ರಿ ಹೇಳಿದ್ದೇ ಸರಿ ಅನ್ಸುತ್ತೆ" ಅಂದ. ಮೇಸ್ತ್ರಿ ಎಂದರೆ ನೀನು. ನೀನಿದ್ದಾಗ ಕೀಟಲೆಗೆ ಹಾಗೆ ಕರೆಯುತ್ತಿದ್ದ. ಈಗಲೂ ಕರೆಯುತ್ತಾನೆ, ನಗುವುದಿಲ್ಲ. ಗುರುವಾರ ನಾನೇ ನರ್ಸಮ್ಮನಿಗೆ ಫೋನು ಮಾಡಿ, ಕೆಳಗಿನ ವೆಲ್ಡಿಂಗ್ ಇನ್ನೊಂದು ಸಲ ನೋಡಬೇಕು, ಕಾರು ತನ್ನಿ ಎಂದೆ.

ಶುಕ್ರವಾರ ಬಂದರು. "ನಾನ್ ಕರೀಲಿಲ್ವಲ್ಲ" ಎಂದರು ಅಪ್ಪ. "ನಾನ್ ಕರೆದೆ" ಅಂದೆ. ಆಕೆಯನ್ನು ಮೇಲೆ ಕೂರಿಸಿ, ಟೀ ಕೊಟ್ಟು ಇಳಿದು ಬಂದು, ಲೋಟ ಚಮಚದ ಸಂಗತಿ ಹೇಳಿದೆ, ಮಾವನಿಗೆ ಕೇಳಿಸದಷ್ಟು ಮೆಲ್ಲಗೆ. ಅಪ್ಪನಿಗೆ ಪೂರ್ತಿ ಕೇಳಿಸಿತು. "ಪದ್ಯ ತಿದ್ದೋಳು ಈಗ ಕಾರು ತಿದ್ದೋಕೆ ಬಂದ್ಲು" ಎಂದು ರೇಗಿದರು. "ಇವತ್ತು ತಟ್ಟಬೇಡಿ, ಚುಚ್ಚಿ ನೋಡಿ. ಗಟ್ಟಿ ಇದ್ರೆ ಆಕೆ ಎದುರಿಗೇ ನನ್ನ ಬೈದುಬಿಡಿ" ಅಂದೆ. ಸ್ಕ್ರೂಡ್ರೈವರ್ ಹಿಡಿದು ಕಾರಿನ ಕೆಳಗೆ ಹೋದರು. ನನಗೆ ಕಾಣುತ್ತಿದ್ದದ್ದು ಕಾಲು ಮಾತ್ರ. ತುಕ್ಕಿನ ಚಕ್ಕೆಗಳು ನೆಲಕ್ಕೆ ಉದುರಿದವು, ಮೊದಲು ಒಂದೆರಡು, ಆಮೇಲೆ ಹಿಡಿಗಟ್ಟಲೆ. ಕಾಲು ಅಲ್ಲಾಡಲಿಲ್ಲ. ಬಹಳ ಹೊತ್ತು ಹೊರಗೆ ಬರಲಿಲ್ಲ. ಮಾವ ಬಗ್ಗಿ ನೋಡಲು ಹೋದ, ನಾನು ತೋಳು ಹಿಡಿದು ನಿಲ್ಲಿಸಿದೆ. ಹೊರಗೆ ಬಂದವರು ಯಾರ ಮುಖವನ್ನೂ ನೋಡದೆ ಗ್ರೈಂಡರ್ ಎತ್ತಿಕೊಂಡು, ಬಾಗಿಲ ಕೆಳಗಿನ ಕನ್ನಡಿಯಂಥ ಆ ಹಸಿರಿನ ಮೇಲೆಯೇ ಇಟ್ಟರು. ಹೊರತಗಡು ಬಿಚ್ಚಿಕೊಂಡಿತು. ಅವರ ವೆಲ್ಡಿಂಗ್ ದಾರ ಹಿಡಿದು ಎಳೆದ ಹಾಗೆ ನೇರ. ಆದರೆ ಅದರ ಹಿಂದೆ ಹಿಡಿದುಕೊಳ್ಳಲು ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ನರ್ಸಮ್ಮ ಮೆಟ್ಟಿಲಿಳಿದು ಬಂದರು. "ನನ್ ಮಗಳು ಹೇಳಿದ್ಲು. ನಾನ್ ಒಪ್ಪಲಿಲ್ಲ" ಎಂದರು ಅಪ್ಪ, ಅಷ್ಟೇ. ಆಕೆ ಒಳ್ಳೆಯವರು. "ನಾವೂ ಕಟ್ಟಿದ್ದನ್ನ ಬಿಚ್ಚಿ ನೋಡ್ತಾನೇ ಇರ್ತೀವಿ ಬಿಡಿ. ಬುಧವಾರ ಕೊಟ್ರೆ ಸಾಕು" ಎಂದು ಬಸ್ಸಿಗೆ ಹೋದರು.

ನಿನ್ನೆ ಬೆಳಿಗ್ಗೆ ಕೊಳೆತದ್ದನ್ನೆಲ್ಲ ಕತ್ತರಿಸಿ ತೆಗೆದು, ಹೊಸ ತಗಡನ್ನು ಬಗ್ಗಿಸಿ, ಬಡಿದು, ಅಂಚು ಮಡಿಸಿ, ಒಳಗೆ ಕೂರಿಸಿ ಕ್ಲ್ಯಾಂಪ್ ಬಿಗಿದರು. ಉಗುರು ತೂರದಷ್ಟು ಚೆನ್ನಾಗಿ ಕೂತಿದೆ. ಉಳಿದದ್ದು ವೆಲ್ಡಿಂಗ್ ಒಂದೇ. ಅಲ್ಲಿಗೆ ನಿಲ್ಲಿಸಿಬಿಟ್ಟರು. "ಕೂಡ್ಸಲ್ವಾ ಭಾವಾ?" ಎಂದು ಮಾವ ಕೇಳಿದರೆ, "ಹಿಡೀತೋ ಇಲ್ವೋ ಅಂತ ಯಾರ್ ಹೇಳ್ತಾರೆ? ಪ್ರತಿ ಸಲ ಬಿಚ್ಚಿ ನೋಡೋದಾದ್ರೆ ಕೂಡ್ಸೋದ್ಯಾಕೆ?" ಎಂದರು. ಆಮೇಲೆ ಸುತ್ತಿಗೆಗಳನ್ನೆಲ್ಲ ಎಣ್ಣೆ ಬಟ್ಟೆಯಲ್ಲಿ ಒರೆಸಿ ಗೋಡೆಗೆ ತೂಗುಹಾಕಿದರು. ಊರು ಬಿಡುವವರು ಪಾತ್ರೆ ಒರೆಸಿ ಕಟ್ಟುವುದನ್ನು ನೋಡಿದ್ದೀಯಲ್ಲ, ಹಾಗೆ. ಕಿವಿ ಡಾಕ್ಟರ ಹತ್ತಿರ ಹೋಗೋಣ ಎಂದೆ. "ಮಾತು ಕೇಳ್ಸೋಕೆ ಯಂತ್ರ ಕೊಡ್ತಾರೆ. ಮಾತು ನನಗೆ ಕೇಳ್ಸುತ್ತೆ" ಎಂದರು. ಶೆಡ್ಡು ಮುಚ್ಚಿಬಿಡುತ್ತಾರೇನೋ ಎಂದು ನನಗೆ ದಿಗಿಲು. ಮುಚ್ಚಿದರೆ ಆ ಕೈಗಳನ್ನು ಏನು ಮಾಡುವುದು? ನಿನ್ನೆಯಿಂದ ಅವು ಮನೆಯೆಲ್ಲ ಅಲೆಯುತ್ತಿವೆ. ಊಟದ ಮೇಜು, ಬಾಗಿಲ ಚೌಕಟ್ಟು, ನನ್ನ ಪುಸ್ತಕದ ರಟ್ಟು, ಸಿಕ್ಕಿದ್ದರ ಮೇಲೆಲ್ಲ ಅಂಗೈ ಆಡಿಸುತ್ತಾರೆ, ಎಲ್ಲಿ ಏರಿದೆ ಎಲ್ಲಿ ಇಳಿದಿದೆ ಎಂದು.

ಬಾ ಎಂದು ಕರೆಯಲು ಇದನ್ನು ಬರೆಯುತ್ತಿಲ್ಲ. ನಿನಗೆ ಅಲ್ಲಿ ಒಳ್ಳೆಯ ಕೆಲಸವಿದೆ, ನಿನ್ನ ಮಾತು ನಂಬುವ ಜನರಿದ್ದಾರೆ. ನಡೆದದ್ದು ನಿನಗೆ ಗೊತ್ತಿರಲಿ ಎಂದಷ್ಟೇ. ಗೆದ್ದೆ ಎಂದು ಕುಣಿಯುವವಳಲ್ಲ ನೀನು, ಅದೂ ನನಗೆ ಗೊತ್ತು. ಮಾವ ನಿನ್ನನ್ನು ಕೇಳಿದನೆಂದು ಬರೆಯಲು ಹೇಳಿದ್ದಾನೆ. ಹೊಟ್ಟೆ ತುಂಬ ಉಣ್ಣು, ಕಣ್ಣು ಜೋಪಾನ. ನಿನ್ನ ಕೈಗೆ ಬಂದ ತಗಡೆಲ್ಲ ನೀನು ಹೇಳಿದ ಹಾಗೆ ಕೇಳಲಿ.

ನಿನ್ನದೇ ಚಿಂತೆಯಲ್ಲಿ,
ಅಮ್ಮ

ಸೋಮವಾರ ಬೆಳಿಗ್ಗೆ, ಅವಸರದಲ್ಲಿ: ಲಕೋಟೆ ಅಂಟಿಸುತ್ತಿದ್ದೆ, ಅಪ್ಪ ಮೇಲೆ ಬಂದರು. ಯಾರಿಗೆ ಎಂದು ಕೇಳಲಿಲ್ಲ. ಕಿಟಕಿಯ ಕಡೆ ತಿರುಗಿ ನಿಂತು, "ಅವಳ ವರ್ಕ್‌ಶಾಪಲ್ಲಿ ಜನ ಬೇಕಾ ಕೇಳು. ಬಡಿಯೋಕೆ ಬರುತ್ತೆ, ನಯ ಮಾಡೋಕೆ ಬರುತ್ತೆ, ತಟ್ಟಿ ನೋಡೋಕೆ ಬರಲ್ಲ, ಅದನ್ನ ಮೊದಲೇ ಹೇಳ್ಬಿಡು. ಅವಳ ಕೈ ಕೆಳಗಾದ್ರೂ ಪರವಾಗಿಲ್ಲ" ಎಂದರು. ತಮಾಷೆಯೇನೋ ಎಂದು ಮುಖ ನೋಡಿದೆ. ತಮಾಷೆಯಲ್ಲ. ಇದಕ್ಕೆ ಉತ್ತರವನ್ನು ನೀನು ಕಾಗದದಲ್ಲಿ ಕೊಡಬೇಡ, ಫೋನಿನಲ್ಲಿ ಕೊಡಬೇಡ. ನಾಳೆ ಸಂಜೆಯ ಬಸ್ಸಿಗೆ ಬಾ. ಆ ತುಂಡನ್ನು ನೀನು ಕೂಡಿಸು, ಅವರು ಪಕ್ಕದಲ್ಲಿ ಹಿಡಿದುಕೊಂಡಿರಲಿ. ಆಮೇಲೆ ಯಾರ ಶೆಡ್ಡು, ಯಾರ ಕೈ ಕೆಳಗೆ ಯಾರು ಎಂಬುದನ್ನು ಇಬ್ಬರೂ ಕೂತು ಬೇಕಾದಷ್ಟು ಜಗಳವಾಡಿ. ಬಾ ಎಂದು ಕರೆಯಲು ಬರೆಯುತ್ತಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಆ ಸಾಲನ್ನು ನೀನೇ ಹೊಡೆದುಹಾಕಿಕೊಂಡು ಓದು. ತಿದ್ದಲು ಹೊತ್ತಿಲ್ಲ, ವ್ಯಾನಿನವನು ಎಂಜಿನ್ ಆರಿಸದೆ ಕಾಯುತ್ತಿದ್ದಾನೆ.