ಅಕ್ಕನ ಕೊನೆಯ ತಾರೀಖು

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಚೂಟಿಗೆ ನಿನ್ನ ಮಾವನ ಆಶೀರ್ವಾದಗಳು.

ಕೆಮ್ಮು ಹೇಗಿದೆ? ಫೋನು ಎತ್ತದವಳಿಂದ ಕೆಮ್ಮಿನ ಸುದ್ದಿಯೂ ಬರುವುದಿಲ್ಲ, ಅದಕ್ಕೇ ಈ ಕಾಗದ. ನನ್ನ ಮಂಡಿ ಹತ್ತುವಾಗ ಒಂದು ಮಾತಾಡುತ್ತದೆ, ಇಳಿಯುವಾಗ ಇನ್ನೊಂದು. ತೆರಿಗೆ ಕಚೇರಿಗೆ ನಲವತ್ತೆರಡು ಮೆಟ್ಟಿಲು. ಈ ತಿಂಗಳು ನಾಲ್ಕು ಸಲ ಹತ್ತಿದ್ದೇನೆ. ಬೇರೆ ಯಾರಾದರೂ ಆಗಿದ್ದರೆ ಎರಡನೇ ಸಲಕ್ಕೇ ಮಲಗುತ್ತಿದ್ದರು.

ವಿಷಯ ಇಷ್ಟೆ. ನಿನ್ನ ಅಮ್ಮನಿಗೆ ಸರ್ಕಾರ ಕೊಡದೆ ಉಳಿಸಿಕೊಂಡಿದ್ದ ಪಿಂಚಣಿ ಬಾಕಿ ಹೋದ ವರ್ಷ ನಿನ್ನ ಖಾತೆಗೆ ಬಂತಲ್ಲ, ಅದರ ಬೆನ್ನಿಗೇ ನಿನ್ನ ಕುಟುಂಬ ಪಿಂಚಣಿಯೂ ಶುರುವಾಯಿತು. ಎರಡನ್ನೂ ಕಲಸಿ, ಎಲ್ಲ ನಿನ್ನದೇ ಆದಾಯವೆಂದು ತೆರಿಗೆ ಹಿಡಿದುಕೊಂಡಿದ್ದಾರೆ. ನಾನು ಬಿಡುತ್ತೇನೆಯೇ? ಏಳನೇ ಕ್ಲಾಸಿನಲ್ಲಿ ಶಾಲೆಗೇ ಮೊದಲು ಬಂದವನು. (ಪರೀಕ್ಷೆಗೆ ಕೂತವರು ಇಬ್ಬರೇ ಎಂದು ನಿನ್ನ ಅಮ್ಮ ಎಲ್ಲರ ಮುಂದೆ ಹೇಳಿಬಿಡುತ್ತಿದ್ದಳು.) ಗುಮಾಸ್ತನ ಎದುರು ಕುರ್ಚಿ ಎಳೆದುಕೊಂಡು ಕೂತೆ. ಕನ್ನಡಕದ ಕಡ್ಡಿಗೆ ದಾರ ಸುತ್ತಿಕೊಂಡಿರುವ ಪಾಪದವನು. "ನೋಡಿ ಯಜಮಾನ್ರೇ, ಅವ್ರು ಬದುಕಿದ್ದ ದಿನದವರೆಗಿನ ಬಾಕಿ ಅವ್ರದ್ದೇ ಆದಾಯ. ವಾರಸುದಾರಳಾಗಿ ಮಗಳು ಅವ್ರ ಹೆಸರಲ್ಲಿ ಲೆಕ್ಕ ಸಲ್ಲಿಸ್ಬೇಕು. ಮಾರನೇ ದಿನದಿಂದ ಬಂದಿದ್ದು ಮಾತ್ರ ಮಗಳದ್ದು" ಅಂದ. ಮೊದಲನೇ ದಿನ ನಾನು ಹೇಳಿದ್ದೂ ಇದನ್ನೇ ಅಂದೆ. ಹೇಳಿರಲಿಲ್ಲ. ಅವನಿಗೂ ಸುಸ್ತಾಗಿತ್ತು, ತಲೆಯಾಡಿಸಿದ.

ಆಮೇಲೆ ಕೇಳಿದ, "ಆ ದಿನ ಯಾವ್ದು ಹೇಳಿ. ಆಸ್ಪತ್ರೆ ಕಾಗದದಲ್ಲಿ ಮೂವತ್ತೊಂದು ಅಂತಿದೆ, ನಿಮ್ಮ ಅರ್ಜಿಯಲ್ಲಿ ಮಾರನೇ ದಿನ, ಒಂದನೇ ತಾರೀಖು ಅಂತಿದೆ." ಅರ್ಜಿ ತುಂಬಿ ಅಂಚೆಯಲ್ಲಿ ಕಳಿಸಿದವನು ನಾನೇ, ನೀನು ಓದದೆ ರುಜು ಹಾಕಿದ್ದೆ. ಬರೆಯುವಾಗ ಕೈತಪ್ಪಿತು ಅಂದೆ. "ಹಾಗಂತ ಮಗಳೇ ಬಂದು ಬರ್ಕೊಡ್ಲಿ" ಅಂದ. ನನ್ನ ಅಕ್ಕ ಮೂವತ್ತು ವರ್ಷ ಸರ್ಕಾರಿ ಟೈಪಿಸ್ಟು. ಒಂದು ತಾರೀಖು ತಪ್ಪಿದರೆ ಇಡೀ ಹಾಳೆ ಹರಿದು ಮತ್ತೆ ಹೊಡೆಯುತ್ತಿದ್ದಳು. ಅವಳ ಕೊನೆಯ ತಾರೀಖನ್ನೇ ನಾನು ಕೆಡಿಸಿಟ್ಟೆ.

ಈ ತಿಂಗಳೊಳಗೆ ನೀನು ಬರಬೇಕು. ಅಮ್ಮನ ಕಾರ್ಯ ಮುಗಿಸಿ ಹೋದಮೇಲೆ ಈ ಹೊಸಿಲು ತುಳಿದಿಲ್ಲ. ಬಸ್ಸಿನ ಹೊತ್ತು ಬರೆಯೋಣವೆಂದರೆ, ಬಸ್ಸು ಅಂದರೇ ನಿನ್ನ ಬಾಯಿ ಕಟ್ಟುತ್ತದೆ. ನಿನ್ನ ಕೋಣೆ ಗುಡಿಸಿಟ್ಟಿದ್ದೇನೆ, ನನ್ನಷ್ಟು ಚೊಕ್ಕಟವಾಗಿ ಗುಡಿಸುವವರು ಈ ಬೀದಿಯಲ್ಲಿಲ್ಲ.

ಕೈ ಸೋತಿದೆ. ಹೊಟ್ಟೆ ತುಂಬ ಉಣ್ಣು, ಕಿವಿಗೆ ಬಟ್ಟೆ ಕಟ್ಟಿಕೋ, ನೂರು ವರ್ಷ ಬಾಳು.

ನಿನ್ನ ಮಾವ

ತಾ.ಕ.: ಕೈತಪ್ಪಿದ್ದಲ್ಲ. ಮೂವತ್ತೊಂದರ ಮಧ್ಯಾಹ್ನ "ಅಮ್ಮಂಗೆ ಹುಷಾರಿಲ್ಲ, ಬಾ" ಎಂದು ನಾನು ಫೋನು ಮಾಡಿದಾಗಲೇ ಅಕ್ಕ ಹೋಗಿ ಒಂದು ಗಂಟೆಯಾಗಿತ್ತು. ಒಬ್ಬಳೇ ಅಷ್ಟು ದೂರ ಬರುವವಳಿಗೆ ಹೇಗೆ ಹೇಳಲಿ? ಮಾರನೇ ದಿನ ನೀನು ಬಂದಾಗ, "ಈಗಷ್ಟೇ, ಬೆಳಿಗ್ಗೆ, ನಿನ್ನ ದಾರಿ ನೋಡ್ತಾನೇ ಹೋದ್ಲು" ಅಂದುಬಿಟ್ಟೆ. ಆಡಿದ ಸುಳ್ಳಿಗೆ ಸರಿಹೋಗಲೆಂದು ಅರ್ಜಿಯಲ್ಲೂ ಅದನ್ನೇ ಬರೆದೆ. ಮೊದಲ ಬಸ್ಸು ತಪ್ಪಿಸಿಕೊಂಡೆನೆಂದು ನೀನು ಗೋಡೆಗೆ ಹಣೆ ಚಚ್ಚಿಕೊಂಡಾಗಲೂ ನನಗೆ ಬಾಯಿ ಬರಲಿಲ್ಲ. ಆ ಬಸ್ಸು ಸಿಕ್ಕಿದ್ದರೂ ಅಮ್ಮ ಸಿಗುತ್ತಿರಲಿಲ್ಲ, ಮಗಳೇ.