ಮುಚ್ಚಳ ಎತ್ತಬೇಡ

ನನ್ನ ಮುದ್ದು ರಾಜಾ,

ದಯವಿಟ್ಟು, ದಯವಿಟ್ಟು ಸ್ಕ್ಯಾನರ್ ಮುಚ್ಚಳ ಎತ್ತಬೇಡ! ತೀರಿಹೋದ ಮಾವನವರ ಒಂದೇ ಒಂದು ಫೋಟೊ ಒಳಗಿದೆ. ಅತ್ತೆಗೆ ದೊಡ್ಡದು ಮಾಡಿಸಿಕೊಡೋಣವೆಂದು ಒದ್ದೆ ಬಟ್ಟೆಯಲ್ಲಿ ಒರೆಸಿ ಗಾಜಿನ ಮೇಲೆ ಮಗುಚಿಟ್ಟೆ. ಪರದೆಯಲ್ಲಿ ಪ್ರಿವ್ಯೂ ಬಂದದ್ದೇ ಕುಣಿದಾಡಿ, ಕೆಲಸ ಮುಗಿಯಿತೆಂದು ಪ್ರೋಗ್ರಾಂ ಮುಚ್ಚಿಬಿಟ್ಟೆ. ಏನೂ ಸೇವ್ ಆಗಿಲ್ಲ! ಫೋಟೊ ಎಳೆದರೆ ಮಾವನವರ ಒಂದು ಕಿವಿ ಗಾಜಿಗೇ ಅಂಟಿಕೊಂಡಿತು. ತಕ್ಷಣ ಮತ್ತೆ ಒತ್ತಿಟ್ಟೆ.

ಅಷ್ಟರಲ್ಲಿ ಅತ್ತೆ ಬಂದು, ಖಾಲಿ ಫ್ರೇಮ್ ನೋಡಿ, "ಏನೇ, ನಿನ್ನ ಮಾವನ್ನ ಎಲ್ಲಿಗೆ ಕಳಿಸ್ದೆ?" ಎಂದು ನಕ್ಕರು. ಚಪ್ಪಲಿ ಕೊಳ್ಳುವ ನೆಪದಲ್ಲಿ ಅವರನ್ನು ಹೊರಗೆ ಕರೆದೊಯ್ಯುತ್ತಿದ್ದೇನೆ.

ಅಲುಗಾಡಿಸದಿದ್ದರೆ ಕಿವಿ ಇದ್ದ ಜಾಗದಲ್ಲೇ ಇರುತ್ತದೆ. ಪ್ರಿವ್ಯೂ ಅಲ್ಲ, ಸ್ಕ್ಯಾನ್ ಒತ್ತು, ಸೇವ್ ಮಾಡು, ಆಮೇಲೆ ನನ್ನನ್ನು ಬೈ. ಸಂಜೆ ತಪ್ಪು ಒಪ್ಪಿಕೊಳ್ಳುವಾಗ ಅತ್ತೆಯ ಕೈಗಿಡಲು ಒಂದು ಮುಖವಾದರೂ ಇರಲಿ.

ನಿನ್ನ ಪೆದ್ದು ಹೆಂಡತಿ